ಗಾಳಗಾರರ ಪ್ರಶ್ನೋತ್ತರ: ರೀಲಿನೊಳಗಿನ ಬೇರಿಂಗುಗಳು

ಮಳೆಗಾಲ ಕಳೆದು, ಮೂಲೆ ಸೇರಿದ್ದ ರೀಲುಗಳನ್ನು ಹೊರತೆಗೆಯುವ ಸಮಯವಾದುದರಿಂದಲೋ ಏನೋ, ಈ ಬಾರಿಯ ಪತ್ರಗಳಲ್ಲಿ ಹೆಚ್ಚಿನವು ಬಾಲ್ ಬೇರಿಂಗಿಗೆ, ಎಂದರೆ ಎರಡು ಬಳೆಗಳ ನಡುವೆ ಗುಂಡುಗಳು ಹೊರಳುತ್ತ ದಂಡವನ್ನು ಸಲೀಸಾಗಿ ತಿರುಗಿಸುವ ಬಿಡಿಭಾಗಕ್ಕೆ, ಸಂಬಂಧಿಸಿದವು. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ, ಎಂಟಕ್ಕೆ ಉತ್ತರ ನೀಡಲಾಗಿದೆ.

ಪ್ರಶ್ನೆ: ಅಲೆತಡೆಗೋಡೆಯ ಮೇಲೆ ನಿಂತು ಗಾಳ ಹಾಕುವುದು ನನ್ನ ರೂಢಿ. ನನ್ನ 4000 ಅಳತೆಯ ಸ್ಪಿನ್ನಿಂಗ್ ರೀಲಿನಲ್ಲಿ ದಾರ ಸುತ್ತುವಾಗ ಕರಕರ ಸದ್ದು ಬರುತ್ತಿದೆ. ಒಳಗಿರುವ ಏಳು ಬೇರಿಂಗುಗಳನ್ನೂ ಬದಲಿಸಬೇಕೆಂದು ದುರಸ್ತಿಯವರು ಹೇಳುತ್ತಿದ್ದಾರೆ. ಅದು ಅಗತ್ಯವೇ? (ಮಲ್ಪೆಯ ಓದುಗರು)

ಉತ್ತರ: ಏಳೂ ಒಟ್ಟಿಗೆ ಕೆಡುವುದು ಅಪರೂಪ. ರೀಲು ಉಪ್ಪುನೀರಿನಲ್ಲಿ ಪೂರ್ತಿ ಮುಳುಗಿ, ಬಿಚ್ಚಿ ತೊಳೆಯದೆ ಹಾಗೆಯೇ ಉಳಿದಿದ್ದರೆ ಅದು ಸಾಧ್ಯ. ಇಲ್ಲವಾದರೆ ಸದ್ದು ಮಾಡುತ್ತಿರುವುದು ಯಾವುದೆಂದು ಮೊದಲು ಪತ್ತೆಹಚ್ಚಿ, ಅದನ್ನಷ್ಟೇ ಬದಲಿಸುವುದು ಸರಿಯಾದ ಕ್ರಮ.

ಪತ್ತೆಹಚ್ಚುವ ಕೆಲಸವನ್ನು ರೀಲು ಬಿಚ್ಚುವ ಮುನ್ನವೇ ಆರಂಭಿಸಬಹುದು. ದಾರವನ್ನು ಸಡಿಲಬಿಟ್ಟು ಹ್ಯಾಂಡಲ್ ತಿರುಗಿಸಿದಾಗ ಸದ್ದಿಲ್ಲದೆ, ತುದಿಗೆ ಭಾರ ಕಟ್ಟಿ ಎಳೆದುಕೊಳ್ಳುವಾಗ ಮಾತ್ರ ಕಿರುಗುಟ್ಟಿದರೆ ತೊಂದರೆಯಿರುವುದು ಬಹುಮಟ್ಟಿಗೆ ಲೈನ್ ರೋಲರಿನಲ್ಲಿ, ಎಂದರೆ ಬೈಲಿನ (ದಾರವನ್ನು ಹಿಡಿದು ಸುತ್ತಿಸುವ ತಂತಿಯ ಕಮಾನಿನ) ತುದಿಯಲ್ಲಿ ದಾರ ಹೊರಳಿ ಬರುವ ಆ ಸಣ್ಣ ಗಾಲಿಯೊಳಗಿನ ಬೇರಿಂಗಿನಲ್ಲಿ. ಸಮುದ್ರದಂಚಿನಲ್ಲಿ ಗಾಳ ಹಾಕುವವರ ರೀಲಿನಲ್ಲಿ ಎಲ್ಲಕ್ಕಿಂತ ಮೊದಲು ಕೆಡುವ ಬೇರಿಂಗ್ ಇದೇ. ಉಳಿದವೆಲ್ಲ ಗೂಡಿನೊಳಗೆ ಗ್ರೀಸಿನ ಮರೆಯಲ್ಲಿದ್ದರೆ, ಇದು ಮಾತ್ರ ಒದ್ದೆಯಾದ ದಾರ ಹೊತ್ತು ತರುವ ಉಪ್ಪನ್ನೂ ಮರಳನ್ನೂ ನೇರವಾಗಿ ಎದುರಿಸುತ್ತದೆ. ಬೆರಳಿನಿಂದ ಗಾಲಿಯನ್ನು ತಿರುಗಿಸಿ ನೋಡಿರಿ. ಅದು ತಿರುಗದೆ ನಿಂತಿದ್ದರೆ ದಾರವು ಅದರ ಮೇಲೆ ಉಜ್ಜಿಕೊಂಡೇ ಹಾದುಹೋಗುತ್ತಿದೆ ಎಂದರ್ಥ. ಆಗ ಬೇರಿಂಗಿನ ಜೊತೆಗೆ ದಾರವೂ ಹಾಳಾಗುತ್ತದೆ.

ದಾರವಿಲ್ಲದೆ ತಿರುಗಿಸಿದಾಗಲೂ ಸದ್ದಿದ್ದರೆ ಅದರ ಲಯವನ್ನು ಗಮನಿಸಬೇಕು. ಸಾಮಾನ್ಯ ಸ್ಪಿನ್ನಿಂಗ್ ರೀಲಿನಲ್ಲಿ ಹ್ಯಾಂಡಲ್ ಒಂದು ಸುತ್ತು ಬರುವಷ್ಟರಲ್ಲಿ ರೋಟರ್ (ಬೈಲನ್ನು ಹೊತ್ತು ತಿರುಗುವ ಭಾಗ) ಐದಾರು ಸುತ್ತು ಬರುತ್ತದೆ. ಆದುದರಿಂದ ಹ್ಯಾಂಡಲಿನ ಸುತ್ತಿಗೆ ಒಂದೇ ಸಲ ಕೇಳಿಬರುವ ತಡೆ ದೊಡ್ಡ ಗೇರಿನ ಕಡೆಯದು, ಐದಾರು ಸಲ ಕೇಳಿಬರುವುದು ಪಿನಿಯನ್ ಎಂಬ ಸಣ್ಣ ಗೇರಿನ ಕಡೆಯದು ಎಂದು ಊಹಿಸಬಹುದು. ಟಿಕ್ ಟಿಕ್ ಎಂದು ಬಿಡಿಯಾಗಿ, ಪ್ರತಿ ಸುತ್ತಿನಲ್ಲೂ ಅದೇ ಜಾಗದಲ್ಲಿ ಸದ್ದು ಬಂದರೆ ಅದು ಬೇರಿಂಗಿಗಿಂತ ಗೇರಿನ ಹಲ್ಲಿನ ಪೆಟ್ಟಾಗಿರುವ ಸಂಭವವೇ ಹೆಚ್ಚು, ಮತ್ತು ಬೇರಿಂಗ್ ಬದಲಿಸಿದರೆ ಅದು ಹೋಗುವುದಿಲ್ಲ. ರೋಟರನ್ನು ಕಳಚಿ ಮತ್ತೊಮ್ಮೆ ತಿರುಗಿಸಿದರೆ ಅನುಮಾನ ಇನ್ನಷ್ಟು ಕಿರಿದಾಗುತ್ತದೆ. ರೋಟರಿನ ನಟ್ಟು ಕೆಲವು ರೀಲುಗಳಲ್ಲಿ ಉಲ್ಟಾ ತಿರುಪಿನದಾಗಿರುತ್ತದೆ. ಬಲ ಹಾಕುವ ಮುನ್ನ ರೀಲಿನೊಂದಿಗೆ ಬಂದ ಬಿಡಿಭಾಗಗಳ ನಕ್ಷೆಯನ್ನು ನೋಡಿಕೊಳ್ಳಿರಿ.

ಅನುಮಾನದ ಬೇರಿಂಗನ್ನು ಹೊರತೆಗೆದ ಮೇಲೆ ಮೊದಲು ತೊಳೆಯಬೇಕು, ತೀರ್ಪು ಆಮೇಲೆ. ತುದಿ ಕಿರಿದಾದ ಮರದ ಕಡ್ಡಿಗೆ ಅದನ್ನು ಸಿಕ್ಕಿಸಿ, ಹೊರಬಳೆಯನ್ನು ಎರಡು ಬೆರಳುಗಳಿಂದ ಮೆಲ್ಲಗೆ ಅದುಮುತ್ತ ನಿಧಾನವಾಗಿ ತಿರುಗಿಸಿದಾಗ ಗುಂಡುಗಳು ನುಣ್ಣಗೆ ಹೊರಳುವ ಅನುಭವವಾದರೆ ಅದು ಇನ್ನೂ ಬಾಳುತ್ತದೆ. ತೊಳೆದ ನಂತರವೂ ಮರಳಿನ ಮೇಲೆ ಹೊರಳಿದಂತೆ ತಡೆ ತೋರಿದರೆ ಗುಂಡು ಓಡುವ ಹಾದಿಯಲ್ಲಿ ತುಕ್ಕಿನ ಕುಳಿಗಳು ಬಿದ್ದಿವೆ, ಅದನ್ನು ಯಾವ ಎಣ್ಣೆಯೂ ಸರಿಪಡಿಸಲಾರದು. ಜೋರಾಗಿ ಬೀಸಿ ತಿರುಗಿಸಿ, ಎಷ್ಟು ಹೊತ್ತು ತಿರುಗುತ್ತದೆಂದು ನೋಡುವ ರೂಢಿಯೊಂದಿದೆ. ನನಗೆ ಅದರಲ್ಲಿ ನಂಬಿಕೆಯಿಲ್ಲ, ಏಕೆಂದರೆ ಎಣ್ಣೆಯೇ ಇಲ್ಲದ ಒಣ ಬೇರಿಂಗ್ ಎಲ್ಲಕ್ಕಿಂತ ಹೆಚ್ಚು ಹೊತ್ತು ತಿರುಗುತ್ತದೆ ಮತ್ತು ಎಲ್ಲಕ್ಕಿಂತ ಬೇಗ ಸಾಯುತ್ತದೆ.

ಪ್ರಶ್ನೆ: ಕಂಪನಿಯ ಬಿಡಿಭಾಗ ಸಿಗುವುದು ಕಷ್ಟವಾಗಿದೆ. ಸಾಮಾನ್ಯ ಬೇರಿಂಗ್ ಅಂಗಡಿಯಿಂದ ಕೊಂಡು ಹಾಕಬಹುದೇ? ಅಳತೆಯನ್ನು ಹೇಗೆ ತಿಳಿಯುವುದು? (ಬೆಂಗಳೂರಿನ ಓದುಗರು)

ಉತ್ತರ: ಖಂಡಿತ ಹಾಕಬಹುದು. ರೀಲಿನಲ್ಲಿರುವ ಬೇರಿಂಗುಗಳಲ್ಲಿ ಹೆಚ್ಚಿನವು ಲೋಕದ ಎಲ್ಲ ಸಣ್ಣ ಯಂತ್ರಗಳಲ್ಲೂ ಬಳಕೆಯಾಗುವ ಅಳತೆಯವೇ. ಒಳವ್ಯಾಸ, ಹೊರವ್ಯಾಸ, ದಪ್ಪ ಎಂಬ ಮೂರು ಅಳತೆಗಳನ್ನು ಡಿಜಿಟಲ್ ಕ್ಯಾಲಿಪರಿನಿಂದ ಮಿಲಿಮೀಟರಿನ ಹತ್ತನೆಯ ಒಂದು ಭಾಗದವರೆಗೆ ಅಳೆದುಕೊಂಡರೆ ಅಂಗಡಿಯವರಿಗೆ ಬೇರೆ ವಿವರಣೆ ಬೇಕಾಗದು. ಉದಾಹರಣೆಗೆ, ಹಲವು ಬೇಟ್‌ಕಾಸ್ಟಿಂಗ್ ರೀಲುಗಳ (ಎಸೆಯುವಾಗ ದಾರದ ಉರುಳೆಯೇ ತಿರುಗುವ ಬಗೆಯವು) ಸ್ಪೂಲಿನಲ್ಲಿ, ಎಂದರೆ ಆ ಉರುಳೆಯಲ್ಲಿ, ಇರುವುದು 3×10×4 ಅಳತೆಯದು. ಅಂಗಡಿಯ ಭಾಷೆಯಲ್ಲಿ ಅದು 623. ಹ್ಯಾಂಡಲಿನ ಹಿಡಿಗುಬ್ಬಿಯಲ್ಲಿ ಸಾಮಾನ್ಯವಾಗಿರುವ 4×7×2.5 ಅಳತೆಗೆ ಎಂಆರ್74 ಎನ್ನುತ್ತಾರೆ. ಎಂಆರ್ ಸಾಲಿನ ಸಂಖ್ಯೆಗಳನ್ನು ಓದುವುದು ಸುಲಭ: ಮೊದಲು ಹೊರವ್ಯಾಸ, ಆಮೇಲೆ ಒಳವ್ಯಾಸ. ಹಾಗಾಗಿ ಎಂಆರ್115 ಎಂದರೆ ಹೊರಗೆ 11, ಒಳಗೆ 5. ಎಂಆರ್117 ಎಂದರೆ ಹೊರಗೆ 11, ಒಳಗೆ 7. ಎಂಆರ್128 ಎಂದರೆ ಹೊರಗೆ 12, ಒಳಗೆ 8.

ಈ ಸಂಖ್ಯೆಗಳು ದಪ್ಪವನ್ನು ಹೇಳುವುದಿಲ್ಲ, ಮತ್ತು ಎಡವುವುದು ಅಲ್ಲಿಯೇ. ಒಂದೇ ಸಂಖ್ಯೆಯ ಬೇರಿಂಗ್ ತೆರೆದ ಬಗೆಯಲ್ಲಿ ತೆಳುವಾಗಿಯೂ ಮುಚ್ಚಳವಿರುವ ಬಗೆಯಲ್ಲಿ ದಪ್ಪವಾಗಿಯೂ ಇರಬಹುದು. 687ನ್ನೇ ತೆಗೆದುಕೊಳ್ಳಿ: ತೆರೆದದ್ದು 3.5 ಮಿಲಿಮೀಟರ್ ದಪ್ಪ, ಎರಡೂ ಬದಿ ಮುಚ್ಚಿದ್ದು 5 ಮಿಲಿಮೀಟರ್. ಹೊರಗೆ ಒಳಗೆ ಸರಿಯಾಗಿ ಕುಳಿತರೂ, ದಪ್ಪದಲ್ಲಿ ಅರ್ಧ ಮಿಲಿಮೀಟರ್ ಹೆಚ್ಚಾದರೆ ಮುಚ್ಚಳದ ಸ್ಕ್ರೂ ಬಿಗಿದೊಡನೆ ಗೇರು ಒತ್ತಿಕೊಂಡು ಹ್ಯಾಂಡಲ್ ಭಾರವಾಗುತ್ತದೆ. ಹಳೆಯ ಅಮೆರಿಕನ್ ರೀಲುಗಳಿರುವವರಿಗೆ ಇನ್ನೊಂದು ಎಚ್ಚರಿಕೆ: ಅವುಗಳಲ್ಲಿ ಇಂಚಿನ ಅಳತೆಯ ಬೇರಿಂಗುಗಳಿರಬಹುದು. ಇಂಚಿನ ಎಂಟನೆಯ ಒಂದು ಭಾಗವೆಂದರೆ 3.175 ಮಿಲಿಮೀಟರ್. ಅದನ್ನು ಮೂರು ಎಂದು ಭಾವಿಸಿ ತಂದ ಬೇರಿಂಗ್ ಆ ದಂಡಕ್ಕೆ ಇಳಿಯುವುದೇ ಇಲ್ಲ, ಮತ್ತು ಅದನ್ನು ಬಡಿದು ಇಳಿಸುವ ಪ್ರಯತ್ನ ಎರಡನ್ನೂ ಕೆಡಿಸುತ್ತದೆ.

ಎಸ್‌ಜೆಪಿ ರಸ್ತೆಯಂತಹ ಕಡೆಯ ಯಂತ್ರೋಪಕರಣದ ಅಂಗಡಿಗಳಲ್ಲಿ ಕೇಳುವಾಗ ಸಂಖ್ಯೆಯ ಜೊತೆಗೆ ಸ್ಟೇನ್‌ಲೆಸ್ ಬೇಕೆಂಬುದನ್ನೂ ಹೇಳಿರಿ. ಸುಮ್ಮನೆ ಸಂಖ್ಯೆ ಹೇಳಿದರೆ ಕೊಡುವುದು ಸಾಮಾನ್ಯ ಕ್ರೋಮ್ ಉಕ್ಕಿನದು. ಝಡ್‌ಝಡ್ ಎಂದರೆ ಎರಡೂ ಬದಿಗೆ ಲೋಹದ ಮುಚ್ಚಳ, 2ಆರ್‌ಎಸ್ ಎಂದರೆ ಎರಡೂ ಬದಿಗೆ ರಬ್ಬರಿನ ಮುಚ್ಚಳ. ಲೋಹದ ಮುಚ್ಚಳ ಒಳಬಳೆಯನ್ನು ಮುಟ್ಟುವುದಿಲ್ಲ, ಆದುದರಿಂದ ತಡೆಯಿಲ್ಲ. ಆದರೆ ನೀರು ನುಸುಳುತ್ತದೆ. ರಬ್ಬರಿನದು ನೀರನ್ನು ತಡೆಯುತ್ತದೆ, ತುಸು ಬಿಗಿಯಾಗಿಯೂ ತಿರುಗುತ್ತದೆ. ಗೇರಿನ ಬದಿಗೆ, ಹಿಡಿಗುಬ್ಬಿಗೆ ರಬ್ಬರಿನದು ಒಳ್ಳೆಯದು. ಬೇಟ್‌ಕಾಸ್ಟಿಂಗ್ ರೀಲಿನ ಸ್ಪೂಲಿಗೆ ಅದು ಸಲ್ಲದು.

ಪ್ರಶ್ನೆ: ಸ್ಟೇನ್‌ಲೆಸ್ ಎಂದು ಕೊಂಡ ಬೇರಿಂಗುಗಳಿಗೂ ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿಯಿತು. ಮೋಸವಾಯಿತೇ? (ಕಾರವಾರದ ಓದುಗರು)

ಉತ್ತರ: ಮೋಸವಾಗಿರಲೇಬೇಕೆಂದಿಲ್ಲ. ಬೇರಿಂಗಿಗೆ ಬಳಸುವ ಸ್ಟೇನ್‌ಲೆಸ್, ಅಡುಗೆಮನೆಯ ಪಾತ್ರೆಯ ಸ್ಟೇನ್‌ಲೆಸ್ ಅಲ್ಲ. ಪಾತ್ರೆಯ ಉಕ್ಕು ಮೆದು. ಗುಂಡುಗಳ ಒತ್ತಡವನ್ನು ಅದು ತಾಳಲಾರದು. ಬೇರಿಂಗಿಗೆ ಸಾಮಾನ್ಯವಾಗಿ ಬಳಸುವ 440ಸಿ ಎಂಬ ಉಕ್ಕಿನಲ್ಲಿ ಶೇಕಡಾ 16ರಿಂದ 18ರಷ್ಟು ಕ್ರೋಮಿಯಂ ಇದ್ದರೂ, ಗಡಸುತನಕ್ಕಾಗಿ ಶೇಕಡಾ 1ರಷ್ಟು ಇಂಗಾಲವನ್ನೂ ಸೇರಿಸಿರುತ್ತಾರೆ. ಆ ಇಂಗಾಲವು ಕ್ರೋಮಿಯಂನ ಒಂದು ಪಾಲನ್ನು ಕಾರ್ಬೈಡಾಗಿ ಹಿಡಿದಿಟ್ಟುಕೊಳ್ಳುವುದರಿಂದ ತುಕ್ಕನ್ನು ತಡೆಯಲು ಉಳಿಯುವ ಕ್ರೋಮಿಯಂ ಕಡಿಮೆಯಾಗುತ್ತದೆ. ಉಪ್ಪಿನ ಹನಿ ಒಣಗಿ ಕುಳಿತರೆ ಅದಕ್ಕೂ ಕುಳಿ ಬೀಳುತ್ತದೆ. ಹಾಗಿದ್ದೂ, ಶೇಕಡಾ 1.5ರಷ್ಟು ಮಾತ್ರ ಕ್ರೋಮಿಯಂ ಇರುವ ಸಾಮಾನ್ಯ ಬೇರಿಂಗ್ ಉಕ್ಕಿಗಿಂತ ಇದು ಎಷ್ಟೋ ಮೇಲು. ಆ ಉಕ್ಕನ್ನು ಉಪ್ಪುನೀರಿನ ರೀಲಿಗೆ ಹಾಕಲೇಬಾರದು. ಶಿಮಾನೊದ ಎಸ್ ಎ-ಆರ್‌ಬಿ, ಡೈವಾದ ಸಿಆರ್‌ಬಿಬಿ ಎಂಬ ಹೆಸರಿನವು ತುಕ್ಕನ್ನು ಹೆಚ್ಚು ತಡೆಯುವಂತೆ ಸಿದ್ಧಪಡಿಸಿದ ಬೇರಿಂಗುಗಳು. ಎಲ್ಲ ಜಾಗಕ್ಕೂ ಅವನ್ನು ಕೊಳ್ಳುವ ಶಕ್ತಿ ಇಲ್ಲದಿದ್ದರೆ ಲೈನ್ ರೋಲರಿಗಾದರೂ ಕೊಳ್ಳಿರಿ ಎಂಬುದು ನನ್ನ ಸಲಹೆ.

ನಿಮ್ಮ ಪತ್ರದಲ್ಲಿರುವ ಮಳೆಗಾಲದ ಮಾತಿನಲ್ಲಿಯೇ ಕಾರಣವೂ ಇದೆ ಎಂದು ತೋರುತ್ತದೆ. ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧವಿರುವ ಕಾಲದಲ್ಲಿ ಸಮುದ್ರವೂ ಒರಟಾಗಿರುವುದರಿಂದ ಗಾಳಗಾರರು ರೀಲನ್ನು ಎತ್ತಿಡುತ್ತಾರೆ. ಬೇಸಿಗೆಯ ಉಪ್ಪನ್ನು ಒಳಗೆ ಇಟ್ಟುಕೊಂಡೇ ರೀಲು ಆ ಎರಡು ತಿಂಗಳ ತೇವದಲ್ಲಿ ಅಲುಗಾಡದೆ ಕೂರುತ್ತದೆ. ಉಪ್ಪು ಗಾಳಿಯ ತೇವವನ್ನು ಹೀರುತ್ತದೆ, ಗುಂಡುಗಳು ನಿಂತ ಜಾಗದಲ್ಲೇ ತುಕ್ಕು ಕಚ್ಚುತ್ತದೆ. ಆದುದರಿಂದ ತೊಳೆದು ಎಣ್ಣೆ ಹಾಕುವ ಕೆಲಸ ಆಗಸ್ಟಿನಲ್ಲಲ್ಲ, ಮೇ ತಿಂಗಳ ಕೊನೆಯಲ್ಲಿ ನಡೆಯಬೇಕು. ದಿನದ ಗಾಳ ಮುಗಿದ ಮೇಲೆ ಡ್ರ್ಯಾಗನ್ನು (ಮೀನು ಎಳೆದಾಗ ದಾರವನ್ನು ತಡೆತಡೆದು ಬಿಡುವ ಬಿಗಿತವನ್ನು) ಬಿಗಿಮಾಡಿ, ಸಿಹಿನೀರನ್ನು ಮೆಲ್ಲಗೆ ಚಿಮುಕಿಸಿ ತೊಳೆದು, ನೀರು ಕೊಡವಿ ನೆರಳಿನಲ್ಲಿ ಒಣಗಿಸಬೇಕು. ಬಕೆಟ್ಟಿನಲ್ಲಿ ಮುಳುಗಿಸುವುದರಿಂದಲೂ ನಲ್ಲಿಯನ್ನು ರಭಸವಾಗಿ ಬಿಡುವುದರಿಂದಲೂ ಹೊರಗಿನ ಉಪ್ಪು ಒಳಗೆ ಸೇರುತ್ತದೆ.

ಪ್ರಶ್ನೆ: 5+1 ಬೇರಿಂಗಿನ ರೀಲಿಗಿಂತ 13+1 ಬೇರಿಂಗಿನ ರೀಲು ಉತ್ತಮವೇ? (ಮೈಸೂರಿನ ಓದುಗರು)

ಉತ್ತರ: ಸಂಖ್ಯೆಯಿಂದ ಏನನ್ನೂ ಹೇಳಲಾಗದು. ಗೇರು, ಪಿನಿಯನ್, ಸ್ಪೂಲ್, ಲೈನ್ ರೋಲರ್ ಈ ಜಾಗಗಳಲ್ಲಿ ಒಳ್ಳೆಯ ಬೇರಿಂಗುಗಳಿದ್ದರೆ ಐದಾರು ಸಾಕು. ಕಡಿಮೆ ಬೆಲೆಯ ರೀಲಿನಲ್ಲಿ ಹದಿಮೂರನ್ನು ತುಂಬಿದ್ದಾರೆಂದರೆ ಒಂದೊಂದಕ್ಕೂ ಎಷ್ಟು ಖರ್ಚು ಮಾಡಿದ್ದಾರೆಂದು ಯೋಚಿಸಬೇಕು. ಉಪ್ಪುನೀರಿನಲ್ಲಿ ಅವು ಹದಿಮೂರು ತುಕ್ಕಿನ ಜಾಗಗಳೇ. ಪ್ಲಸ್ ಒಂದು ಎಂಬುದು ಬಾಲ್ ಬೇರಿಂಗೇ ಅಲ್ಲ, ಹ್ಯಾಂಡಲ್ ಹಿಂದಕ್ಕೆ ತಿರುಗದಂತೆ ತಡೆಯುವ ರೋಲರ್ ಕ್ಲಚ್. ನಿಮ್ಮೂರಿನ ವಾನ್ ಇಂಗೆನ್ ಮನೆತನದ ಜೆ. ಡಿ ವೆಟ್ ವಾನ್ ಇಂಗೆನ್ ಅವರು 1946ರಲ್ಲಿ ಕಬಿನಿಯಲ್ಲಿ 120 ಪೌಂಡಿನ ಮಹಶೀರ್ ಮೀನನ್ನು ಗಾಳಕ್ಕೆ ಹಿಡಿದ ಕಾಲದಲ್ಲಿ ರೀಲುಗಳ ಬಹುಪಾಲು ಲೋಹದ ಬುಷ್ಷುಗಳ (ಗುಂಡುಗಳಿಲ್ಲದ ಬರಿಯ ಕೊಳವೆಗಳ) ಮೇಲೆಯೇ ತಿರುಗುತ್ತಿದ್ದವು.

ಪ್ರಶ್ನೆ: ಬೇಟ್‌ಕಾಸ್ಟಿಂಗ್ ರೀಲಿನಲ್ಲಿ ಇನ್ನಷ್ಟು ದೂರ ಎಸೆಯುವ ಆಸೆ. ಎಬೆಕ್ 7ರ ಸೆರಾಮಿಕ್ ಬೇರಿಂಗುಗಳನ್ನು ಹಾಕಿಸಿದರೆ ಪ್ರಯೋಜನವಾದೀತೇ? ಎಬೆಕ್ 9 ಇನ್ನೂ ಉತ್ತಮವೇ? (ಮಸ್ಕತ್ತಿನಲ್ಲಿರುವ ಉಡುಪಿ ಮೂಲದ ಓದುಗರು)

ಉತ್ತರ: ಎಬೆಕ್ ಎಂಬುದು ಅಮೆರಿಕದ ಬೇರಿಂಗ್ ತಯಾರಕರ ಸಂಘದ ಅಳತೆಗೋಲು. 1, 3, 5, 7, 9 ಎಂದು ಬೆಸ ಸಂಖ್ಯೆಗಳಲ್ಲಿ ಏರುವ ಈ ದರ್ಜೆ ಹೇಳುವುದು ಬಳೆಗಳ ಅಳತೆ ಮತ್ತು ತಿರುಗುವಿಕೆ ಎಷ್ಟು ಕರಾರುವಾಕ್ಕು ಎಂಬುದನ್ನು ಮಾತ್ರ. ಉಕ್ಕು ಯಾವುದು, ಗುಂಡುಗಳು ಎಷ್ಟು ನುಣುಪು, ಒಳಗಿನ ಗ್ರೀಸ್ ಎಂಥದು, ತುಕ್ಕು ಹಿಡಿಯುತ್ತದೆಯೇ ಎಂಬ ಯಾವ ಪ್ರಶ್ನೆಗೂ ಅದು ಉತ್ತರಿಸುವುದಿಲ್ಲ. ಎಬೆಕ್ 9 ದರ್ಜೆಯ ಅಗತ್ಯವಿರುವುದು ಅತಿವೇಗದಲ್ಲಿ ತಿರುಗುವ, ಸೂಕ್ಷ್ಮ ನಿಖರತೆ ಬೇಡುವ ಯಂತ್ರಗಳಿಗೆ. ರೀಲಿನ ಸ್ಪೂಲಿಗೆ ಎಬೆಕ್ 5 ಧಾರಾಳವಾಯಿತು. ಪೊಟ್ಟಣದ ಮೇಲೆ ಬರೆದದ್ದೆಲ್ಲ ನಿಜವೆಂಬ ಭರವಸೆಯೂ ಇಲ್ಲದಿರುವಾಗ, ಆ ಅಂಕೆಗಾಗಿ ಹೆಚ್ಚು ಹಣ ತೆರುವುದನ್ನು ನಾನು ಒಪ್ಪುವುದಿಲ್ಲ.

ಸೆರಾಮಿಕ್ ಎಂದು ಮಾರುವ ರೀಲಿನ ಬೇರಿಂಗುಗಳಲ್ಲಿ ಹೆಚ್ಚಿನವು ಹೈಬ್ರಿಡ್: ಗುಂಡುಗಳು ಮಾತ್ರ ಸಿಲಿಕಾನ್ ನೈಟ್ರೈಡಿನವು, ಬಳೆಗಳು ಉಕ್ಕಿನವೇ. ಸಿಲಿಕಾನ್ ನೈಟ್ರೈಡಿನ ಸಾಂದ್ರತೆ ಉಕ್ಕಿನ ಸುಮಾರು ಐದನೆಯ ಎರಡು ಭಾಗ. ಅದು ಗಡುಸು, ಅದಕ್ಕೆ ತುಕ್ಕಿಲ್ಲ, ಎಣ್ಣೆ ತುಂಬ ಕಡಿಮೆಯಿದ್ದಾಗಲೂ ಉಕ್ಕಿನ ಬಳೆಗೆ ಅಂಟಿ ಉಜ್ಜುವುದಿಲ್ಲ. ಇದರಿಂದ ಹಗುರ ಆಮಿಷಗಳನ್ನು ಎಸೆಯುವವರಿಗೆ ಸ್ವಲ್ಪ ಲಾಭವಿದೆ, ಭಾರದ ಆಮಿಷ ಎಸೆಯುವವರಿಗೆ ವ್ಯತ್ಯಾಸ ಕಾಣುವುದೇ ಕಷ್ಟ. ಬಳೆಗಳು ಉಕ್ಕಿನವಾದ್ದರಿಂದ ಕೊಲ್ಲಿಯ ಉಪ್ಪುನೀರಿನಲ್ಲಿ ಅವುಗಳಿಗೂ ಎಣ್ಣೆ ಬೇಕೇ ಬೇಕು. ಎಸೆಯುವಾಗ ಶಿಳ್ಳೆಯಂಥ ಸದ್ದು ಬರುವುದುಂಟು, ಅದು ದೋಷವಲ್ಲ. ಸ್ಪೂಲ್ ಹೆಚ್ಚು ಸಲೀಸಾದಷ್ಟೂ ದಾರ ಗೋಜಲಾಗುವ ಸಂಭವವೂ ಹೆಚ್ಚುವುದರಿಂದ ಬ್ರೇಕನ್ನು ಹೊಸದಾಗಿ ಹೊಂದಿಸಿಕೊಳ್ಳಬೇಕಾಗುತ್ತದೆ.

ಕೊಳ್ಳುವುದೇ ಆದರೆ ಸ್ಪೂಲಿನ ಎರಡು ಬೇರಿಂಗುಗಳಿಗೆ ಮಾತ್ರ ಕೊಳ್ಳಿರಿ. ಗೇರಿನ ಬದಿಯಲ್ಲಿ, ಹಿಡಿಗುಬ್ಬಿಯಲ್ಲಿ ಸೆರಾಮಿಕ್ ಗುಂಡುಗಳಿಂದ ಯಾವ ಪ್ರಯೋಜನವೂ ಇಲ್ಲ, ಏಕೆಂದರೆ ಅಲ್ಲಿ ವೇಗವೇ ಇಲ್ಲ. ಅದಕ್ಕೂ ಮೊದಲು ಈಗಿರುವ ಎರಡನ್ನು ಹೊರತೆಗೆದು, ಕಾರ್ಖಾನೆಯ ಗ್ರೀಸನ್ನೋ ಹಳೆಯ ಎಣ್ಣೆಯನ್ನೋ ಪೂರ್ತಿ ತೊಳೆದು, ಒಂದೊಂದು ಹನಿ ತೆಳು ಎಣ್ಣೆ ಹಾಕಿ ಎಸೆದು ನೋಡಿರಿ. ನೀವು ಬಯಸುತ್ತಿರುವ ದೂರದ ಬಹುಭಾಗ ಅಷ್ಟರಲ್ಲೇ ಸಿಕ್ಕಿಬಿಡಬಹುದು.

ಪ್ರಶ್ನೆ: ಬೇರಿಂಗನ್ನು ಯಾವುದರಿಂದ ತೊಳೆಯಬೇಕು? ಮನೆಯಲ್ಲಿರುವ ಕೊಬ್ಬರಿ ಎಣ್ಣೆಯನ್ನೋ ಹೊಲಿಗೆ ಯಂತ್ರದ ಎಣ್ಣೆಯನ್ನೋ ಹಾಕಬಹುದೇ? (ಹೊನ್ನಾವರದ ಓದುಗರು)

ಉತ್ತರ: ಕೊಬ್ಬರಿ ಎಣ್ಣೆ ಬೇಡವೇ ಬೇಡ. ಅದು ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಚಳಿಗಾಲದ ಮುಂಜಾವಿನಲ್ಲಿ ಸ್ಪೂಲ್ ಅಲುಗಾಡದೆ ಕೂತೀತು. ಗಾಳಿಗೆ ಒಡ್ಡಿಕೊಂಡು ಬರುಬರುತ್ತ ಕಮಟು ಹಿಡಿದು ಅಂಟಾಗುವುದೂ ಇದೆ. ಹೊಲಿಗೆ ಯಂತ್ರದ ಎಣ್ಣೆ ತೆಳುವಾದ ಖನಿಜ ತೈಲ. ಕೆರೆ, ಹಿನ್ನೀರುಗಳ ಗಾಳಕ್ಕೆ ಅದು ನಡೆಯುತ್ತದೆ, ಆದರೆ ಬೇಗ ಹಾರಿಹೋಗುವುದರಿಂದ ಮತ್ತೆ ಮತ್ತೆ ಹಾಕಬೇಕು. ಅಳಿವೆಯಲ್ಲಿ ಗಾಳ ಹಾಕುವ ನಿಮಗೆ ರೀಲಿಗೆಂದೇ ಮಾರುವ ಸಂಶ್ಲೇಷಿತ ಎಣ್ಣೆ ವಾಸಿ. ತುಕ್ಕು ಬಿಡಿಸುವ ಸ್ಪ್ರೇಗಳು ನೀರನ್ನು ಓಡಿಸಲು, ಹಿಡಿದುಕೊಂಡ ಭಾಗವನ್ನು ಸಡಿಲಿಸಲು ಒಳ್ಳೆಯವು. ಅವನ್ನೇ ಎಣ್ಣೆಯೆಂದು ನಂಬಿದರೆ ಒಳಗಿದ್ದ ಗ್ರೀಸೂ ಕರಗಿ ಹೋಗುತ್ತದೆ.

ತೊಳೆಯಲು ಐಸೊಪ್ರೊಪೈಲ್ ಆಲ್ಕೊಹಾಲ್ ಸಾಕು. ಗಟ್ಟಿಯಾದ ಹಳೆಯ ಗ್ರೀಸಿಗೆ ಅಸಿಟೋನ್ ಹೆಚ್ಚು ಪರಿಣಾಮಕಾರಿಯಾದರೂ ಅದು ಪ್ಲಾಸ್ಟಿಕ್ಕನ್ನೂ ಕೆಲವು ರಬ್ಬರುಗಳನ್ನೂ ಕರಗಿಸುವುದರಿಂದ, ಗುಂಡುಗಳನ್ನು ಬಿಡಿಬಿಡಿಯಾಗಿ ಹಿಡಿದಿಡುವ ಪಂಜರ ಪ್ಲಾಸ್ಟಿಕ್ಕಿನದಾಗಿರುವ ಬೇರಿಂಗಿಗೆ ಬಳಸಬಾರದು. ಎರಡೂ ಬೇಗ ಬೆಂಕಿ ಹಿಡಿಯುವ ದ್ರವಗಳು; ಒಲೆಯಿಂದ ದೂರವಿದ್ದು, ಗಾಳಿಯಾಡುವ ಕಡೆ, ಮುಚ್ಚಳವಿರುವ ಗಾಜಿನ ಸಣ್ಣ ಸೀಸೆಯಲ್ಲಿ ಬೇರಿಂಗನ್ನು ಹಾಕಿ ಅಲುಗಿಸಿರಿ. ಲೋಹದ ಮುಚ್ಚಳವನ್ನು ತೆಳುವಾದ ತಂತಿಯ ಉಂಗುರ ಹಿಡಿದಿದ್ದರೆ, ಅದರ ತುದಿಯನ್ನು ಸೂಜಿಯಿಂದ ಎಬ್ಬಿಸಿ ಬಿಚ್ಚಿ ತೊಳೆಯುವುದು ಉತ್ತಮ. ಉಂಗುರ ಚಿಮ್ಮಿ ಹೋಗದಂತೆ ಬಟ್ಟೆಯ ಮೇಲೆ ಕೆಲಸ ಮಾಡಬೇಕು. ಒಣಗಿಸುವಾಗ ಗಾಳಿಯ ಪಂಪಿನಿಂದ ಬೇರಿಂಗನ್ನು ಗಿರಗಿರನೆ ತಿರುಗಿಸಿ ಆಟವಾಡಬಾರದು, ಎಣ್ಣೆಯಿಲ್ಲದ ಗುಂಡುಗಳಿಗೆ ಆ ವೇಗದಿಂದ ಗೀರು ಬೀಳುತ್ತದೆ.

ಸ್ಪೂಲಿನ ಬೇರಿಂಗಿಗೆ ಒಂದು ಹನಿ ಎಣ್ಣೆ. ಎರಡನೆಯ ಹನಿಯಿಂದ ಎಸೆತದ ದೂರ ಕಡಿಮೆಯಾಗುತ್ತದೆಯೇ ಹೊರತು ರಕ್ಷಣೆ ಹೆಚ್ಚುವುದಿಲ್ಲ. ಗೇರಿನ ಬದಿಯ ಬೇರಿಂಗಿಗೆ ದೋಣಿಗಳಲ್ಲಿ ಬಳಸುವಂಥ ನೀರಿಗೆ ಜಗ್ಗದ ಗ್ರೀಸು. ಅಲ್ಲಿ ವೇಗ ಕಡಿಮೆಯಾದ್ದರಿಂದ ಒಳಗೆ ಧಾರಾಳವಾಗಿ ತುಂಬಿದರೂ ತೊಂದರೆಯಿಲ್ಲ. ಲೈನ್ ರೋಲರಿನ ವಿಷಯದಲ್ಲಿ ಮಾತ್ರ ಅಭಿಪ್ರಾಯಭೇದವಿದೆ. ಸಮುದ್ರದವರು ತೆಳು ಗ್ರೀಸು ಹಾಕಬೇಕು, ಸಿಹಿನೀರಿನವರು ಎಣ್ಣೆ ಹಾಕಬೇಕು ಎಂಬುದು ನನ್ನ ನಿಲುವು. ಡೈವಾದ ಮ್ಯಾಗ್‌ಸೀಲ್ಡ್ ರೀಲುಗಳಿರುವವರು ಈ ಯಾವ ಪ್ರಯೋಗವನ್ನೂ ಆ ಜಾಗಗಳಲ್ಲಿ ಮಾಡಬಾರದು. ಅಲ್ಲಿ ನೀರನ್ನು ತಡೆಯುವುದು ಅಯಸ್ಕಾಂತ ಹಿಡಿದಿಟ್ಟ ವಿಶೇಷ ಎಣ್ಣೆ, ಬೇರೆ ಎಣ್ಣೆಯೋ ದ್ರಾವಕವೋ ತಗಲಿದರೆ ಅದು ಕೆಡುತ್ತದೆ.

ಪ್ರಶ್ನೆ: ಬೇರಿಂಗುಗಳಿಗೆಲ್ಲ ಗ್ರೀಸ್ ತುಂಬಿ ಜೋಡಿಸಿದ ಮೇಲೆ ಹ್ಯಾಂಡಲ್ ಹಿಂದಕ್ಕೂ ತಿರುಗತೊಡಗಿದೆ. (ಕುಶಾಲನಗರದ ಓದುಗರು)

ಉತ್ತರ: ಮೇಲೆ ಹೇಳಿದ ರೋಲರ್ ಕ್ಲಚ್ಚಿಗೂ ಗ್ರೀಸ್ ಹೋಗಿದೆ. ಅದರೊಳಗಿನ ಸಣ್ಣ ಉರುಳೆಗಳು ಓರೆಯಾದ ಹಾದಿಯಲ್ಲಿ ಸಿಕ್ಕಿಕೊಂಡರೆ ಮಾತ್ರ ಹಿಡಿತ ಬರುತ್ತದೆ; ದಪ್ಪ ಗ್ರೀಸಿನಲ್ಲಿ ಅವು ಜಾರುತ್ತವೆ. ಕ್ಲಚ್ಚನ್ನು ಬಿಡಿಬಿಡಿಯಾಗಿ ಕಳಚದೆ ಇಡಿಯಾಗಿಯೇ ಆಲ್ಕೊಹಾಲಿನಲ್ಲಿ ತೊಳೆದು, ಒಳಕೊಳವೆಯನ್ನು ಒರೆಸಿ, ಅತಿ ತೆಳು ಎಣ್ಣೆಯನ್ನು ಸವರಿದಷ್ಟೇ ಹಾಕಿ ಜೋಡಿಸಿರಿ. ಬೇರಿಂಗ್ ಬದಲಿಸುವ ಅಗತ್ಯವಿಲ್ಲ.

ಪ್ರಶ್ನೆ: ಲಿಂಗನಮಕ್ಕಿ ಹಿನ್ನೀರಿನಲ್ಲಿ ಬೇಟ್‌ಕಾಸ್ಟಿಂಗ್ ರೀಲು ಬಳಸುತ್ತೇನೆ. ಸ್ಪೂಲಿನ ದಂಡಕ್ಕೆ ಕೂಡಿಸಿದ ಬೇರಿಂಗ್ ಎಳೆದರೂ ಬರುತ್ತಿಲ್ಲ. (ಸಾಗರದ ಓದುಗರು)

ಉತ್ತರ: ಎಳೆಯುವುದನ್ನು ನಿಲ್ಲಿಸಿ, ದಂಡವನ್ನು ಬೆಳಕಿಗೆ ಹಿಡಿದು ನೋಡಿರಿ. ಬೇರಿಂಗಿನ ಹೊರಗಡೆ ದಂಡಕ್ಕೆ ಅಡ್ಡಲಾಗಿ ಸೂಜಿಯಷ್ಟು ತೆಳ್ಳಗಿನ ಪಿನ್ನು ತೂರಿರುತ್ತದೆ. ಪಿನಿಯನ್ ಗೇರು ಸ್ಪೂಲನ್ನು ಹಿಡಿಯುವುದು ಆ ಪಿನ್ನಿನಿಂದಲೇ, ಬೇರಿಂಗ್ ಹೊರಬರದಂತೆ ತಡೆಯುವುದೂ ಅದೇ. ಅದನ್ನು ನೇರವಾಗಿ ಒತ್ತಿ ತೆಗೆಯಲು ಸಣ್ಣ ತಿರುಪಿನ ಉಪಕರಣ ಸಿಗುತ್ತದೆ. ಇಕ್ಕಳದಿಂದ ಹಿಸುಕಿದರೆ ಪಿನ್ನು ಬಾಗುತ್ತದೆ, ಸುತ್ತಿಗೆಯಿಂದ ಬಡಿದರೆ ದಂಡವೇ ಬಾಗುತ್ತದೆ. ಬಾಗಿದ ದಂಡದ ಸ್ಪೂಲ್ ಮತ್ತೆ ಸರಿಯಾಗಿ ತಿರುಗುವುದಿಲ್ಲ. ಪಿನ್ನು ಬಂದ ಮೇಲೂ ಬೇರಿಂಗ್ ಹಿಡಿದುಕೊಂಡಿದ್ದರೆ ತುಕ್ಕು ಬಿಡಿಸುವ ಸ್ಪ್ರೇಯ ಒಂದು ಹನಿ ಬಿಟ್ಟು ರಾತ್ರಿಯಿಡೀ ಇಡಿರಿ.

ಹೊಸದನ್ನು ದಂಡಕ್ಕೆ ಇಳಿಸುವಾಗ ಬಲ ಬೀಳಬೇಕಾದುದು ಒಳಬಳೆಯ ಮೇಲೆ, ಗೂಡಿಗೆ ಕೂರಿಸುವಾಗ ಹೊರಬಳೆಯ ಮೇಲೆ. ಇದು ತಿರುವುಮುರುವಾದರೆ ಒತ್ತಡವೆಲ್ಲ ಗುಂಡುಗಳ ಮೂಲಕ ಹಾದು, ಹೊಸ ಬೇರಿಂಗಿನ ಹಾದಿಯಲ್ಲಿ ಅಂದೇ ತಗ್ಗುಗಳು ಬೀಳುತ್ತವೆ. ಬೇರಿಂಗಿನ ಪಕ್ಕದಲ್ಲಿ ಕಾಗದದಷ್ಟು ತೆಳ್ಳಗಿನ ಶಿಮ್ ವಾಷರುಗಳಿದ್ದರೆ ಅವು ಯಾವ ಬದಿಗೆ, ಎಷ್ಟು ಇದ್ದವು ಎಂಬುದನ್ನು ಬಿಚ್ಚುವಾಗಲೇ ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಿರಿ. ಎಣ್ಣೆಯ ಅಂಟಿನಿಂದ ಅವು ಹಳೆಯ ಬೇರಿಂಗಿಗೇ ಕಚ್ಚಿಕೊಂಡು ಕಸದ ಬುಟ್ಟಿ ಸೇರುವುದುಂಟು. ಪಿನ್ನನ್ನು ಮರಳಿ ತೂರಿಸಿದ ಮೇಲೆ ಅದರ ಎರಡು ತುದಿಗಳೂ ದಂಡದಿಂದ ಸಮನಾಗಿ ಹೊರಚಾಚಿವೆಯೇ ಎಂದು ನೋಡಿ, ಆಮೇಲೆ ಸ್ಪೂಲನ್ನು ರೀಲಿಗೆ ಸೇರಿಸಿರಿ.